ಪ್ರವಾಸದಲ್ಲಿ ಬಟ್ಟೆ ಒಗೆತ: ಮಿತವ್ಯಯವೂ ಆರೋಗ್ಯವೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತುವಾಗ ಮೈಮೇಲಿನ ಬಟ್ಟೆಯನ್ನು ಎಲ್ಲಿ ಒಗೆಯಬೇಕು, ಒಗೆದುದನ್ನು ಎಲ್ಲಿ ಹರವಬೇಕು ಎಂಬುದನ್ನು ಅವರು ಹೇಳಲಿಲ್ಲ. ಅವರ ಕಾಲದ ಯಾತ್ರಿಕನಿಗೆ ಅದನ್ನು ಹೇಳಿಕೊಡಬೇಕಾದ ಅಗತ್ಯವೂ ಇರಲಿಲ್ಲ. ಸೊಂಟಕ್ಕೊಂದು ಪಂಚೆ, ಹೆಗಲ ಮೇಲೊಂದು ಪಂಚೆ. ಹೊಳೆಯಲ್ಲಿ ಮುಳುಗಿ ಎದ್ದು ಒಂದನ್ನು ಹಿಂಡಿ, ನಡೆನಡೆಯುತ್ತಲೇ ಗಾಳಿಗೆ ಹಿಡಿದರೆ ಮುಂದಿನ ಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಅದು ಒಣಗಿರುತ್ತಿತ್ತು. ಇಂದಿನ ಪ್ರವಾಸಿಗನು ರೈಲಿನಲ್ಲಿ ಕುಳಿತು ಹೋಗುತ್ತಾನೆ, ನಾಲ್ಕು ಗೋಡೆಗಳ ನಡುವೆ ತಂಗುತ್ತಾನೆ. ಅವನ ಬಟ್ಟೆಗೆ ನಡೆದಾಡುವ ಭಾಗ್ಯವಿಲ್ಲ.

ಮುಂಬಯಿ, ಪುಣೆ, ಹೈದರಾಬಾದುಗಳಂಥ ಮಹಾನಗರಗಳಲ್ಲಿ ನೆಲಸಿರುವ ಕನ್ನಡಿಗ ಸಂಸಾರಗಳಿಗೆ ವರ್ಷಕ್ಕೊಮ್ಮೆಯಾದರೂ ಪ್ರವಾಸ ತಪ್ಪಿದ್ದಲ್ಲ. ಬೇಸಗೆಯ ರಜೆಯಲ್ಲಿ ಊರು. ಕೈ ಸ್ವಲ್ಪ ಸಡಿಲವಾಗಿದ್ದ ವರ್ಷ ಚಳಿಗಾಲದಲ್ಲಿ ಕಾಶಿಯೋ, ರಾಮೇಶ್ವರವೋ, ದ್ವಾರಕೆಯೋ. ಹೊರಡುವ ಮುನ್ನ ಗೃಹಸ್ಥನು ಒಂದು ಆಯವ್ಯಯದ ಪಟ್ಟಿಯನ್ನು ಸಿದ್ಧಪಡಿಸುತ್ತಾನೆ. ರೈಲಿನ ಟಿಕೆಟು, ವಸತಿ, ಊಟೋಪಚಾರ, ಆಟೋರಿಕ್ಷಾ, ದೇವರ ಸೇವೆ, ನೆರೆಹೊರೆಯವರಿಗೆ ಪ್ರಸಾದ, ಹೀಗೆ ಎಲ್ಲವೂ ಅದರಲ್ಲಿರುತ್ತದೆ. ಬಟ್ಟೆ ಒಗೆತಕ್ಕೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಪಟ್ಟಿಯಲ್ಲಿ ಕಾಣದ ಖರ್ಚನ್ನೂ ಯಾರಾದರೊಬ್ಬರು ತೆರಲೇಬೇಕು. ಅದನ್ನು ಯಾರು ತೆರುತ್ತಾರೆ, ಯಾವ ರೂಪದಲ್ಲಿ ತೆರುತ್ತಾರೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಒಂದು ಸಂಸಾರದ ಕಾಶಿಯಾತ್ರೆ

ಮುಂಬಯಿಯ ಉಪನಗರವೊಂದರಿಂದ ಡಿಸೆಂಬರ್ ತಿಂಗಳ ಕೊನೆಯಲ್ಲಿ ಕಾಶಿಗೆ ಹೊರಟ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗ, ಶಾಲೆಗೆ ಹೋಗುವ ಮಗಳು. ಹತ್ತು ದಿನಗಳ ಪ್ರವಾಸ: ಕಾಶಿ, ಪ್ರಯಾಗ, ಗಯಾ. ಹಣ ಉಳಿಸಬೇಕೆಂದು ಹೋಟೆಲಿನ ಬದಲು ಧರ್ಮಶಾಲೆಯಲ್ಲಿ ತಂಗಿದ್ದಾರೆ. ಎರಡನೆಯ ದಿನದ ಹೊತ್ತಿಗೆ ಗಂಗಾಸ್ನಾನದ ಒದ್ದೆಬಟ್ಟೆ, ರೈಲಿನಲ್ಲಿ ಮಾಸಿದ ಬಟ್ಟೆ, ಎಲ್ಲವೂ ಒಂದು ಮೂಲೆಯಲ್ಲಿ ರಾಶಿಯಾಗಿದೆ. ಸಾಮಾನ್ಯ ಸ್ನಾನಗೃಹದಲ್ಲಿ ಬಕೆಟ್ಟು ಬಿಡುವಾಗುವುದು ಸಂಜೆಗೆ ಮಾತ್ರ. ದಶಾಶ್ವಮೇಧ ಘಾಟಿನಲ್ಲಿ ಆರತಿಯಾಗುವುದೂ ಸಂಜೆಗೇ. ಮೂವರು ಆರತಿಗೆ ಹೋಗುತ್ತಾರೆ. ಗೃಹಿಣಿಯು, ನೀವು ನೋಡಿಕೊಂಡು ಬನ್ನಿ, ನಾನು ನಾಳೆ ನೋಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಸ್ನಾನಗೃಹಕ್ಕೆ ಹೋಗುತ್ತಾಳೆ. ನಾಳೆಯೂ ಹಾಗೆಯೇ ಆಗುತ್ತದೆ.

ಉತ್ತರ ಭಾರತದ ಡಿಸೆಂಬರಿನಲ್ಲಿ ಮಂಜು ದಟ್ಟವಾಗಿರುತ್ತದೆ. ಕೆಲವು ದಿನ ಮಧ್ಯಾಹ್ನದವರೆಗೆ ಸೂರ್ಯನ ಮುಖವೇ ಕಾಣುವುದಿಲ್ಲ. ರಾತ್ರಿ ಒಗೆದ ದಪ್ಪ ಪ್ಯಾಂಟು, ಟವೆಲುಗಳು ಬೆಳಗಿನ ಹೊತ್ತಿಗೆ ಹಿಂಡಿದಾಗ ಇದ್ದಂತೆಯೇ ಇರುತ್ತವೆ. ಗಯಾಕ್ಕೆ ಹೊರಡುವ ರೈಲಿಗೆ ಹೊತ್ತಾದುದರಿಂದ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಬಾಯಿ ಕಟ್ಟುತ್ತಾರೆ. ಮರುದಿನ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಬೇರೆ ಬಟ್ಟೆ ಇಲ್ಲದುದರಿಂದ ಮಗನು ಅರೆ ಒಣಗಿದ ಒಳಚಡ್ಡಿಯನ್ನೇ ತೊಡುತ್ತಾನೆ. ಊರಿಗೆ ಮರಳಿದ ಮೇಲೆ ತೊಡೆಸಂದಿಯಲ್ಲಿ ತುರಿಕೆ. ಲಾಂಡ್ರಿಗೆ ಕೊಡದೆ ಉಳಿಸಿದ ಹಣ ಚರ್ಮವೈದ್ಯರಿಗೂ ಔಷಧಿಯಂಗಡಿಗೂ ಸಲ್ಲುತ್ತದೆ. ಆರತಿಯಂತೂ ಗೃಹಿಣಿಗೆ ಕೊನೆಗೂ ದಕ್ಕಲಿಲ್ಲ.

ಈ ಸಂಸಾರವು ಕಲ್ಪಿತವಾದರೂ ಓದುಗರಲ್ಲಿ ಅನೇಕರು ಇದರ ಗುರುತು ಹಿಡಿಯಬಲ್ಲರು. ಇವರು ಮಾಡಿದ ತಪ್ಪು ಹಣ ಉಳಿಸಿದ್ದಲ್ಲ. ಪ್ರವಾಸದಲ್ಲಿ ಕಷ್ಟವಾದುದು ಒಗೆಯುವುದೆಂದು ಭಾವಿಸಿದ್ದು ಅವರ ತಪ್ಪು. ನೀರು, ಸಾಬೂನು ಎಲ್ಲೆಡೆಯೂ ದೊರೆಯುತ್ತವೆ. ದುರ್ಲಭವಾದುದು ಒಣಗಲು ಬೇಕಾದ ಗಾಳಿ, ಬಿಸಿಲು ಮತ್ತು ಹೊತ್ತು. ಆದುದರಿಂದ ಪ್ರವಾಸದ ಯೋಜನೆಯಲ್ಲಿ ಹಣದಂತೆಯೇ ಒಣಗುವ ಹೊತ್ತನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಗಂಟಿನ ಲೆಕ್ಕ

ಹತ್ತು ದಿನ, ನಾಲ್ಕು ಜನ, ದಿನಕ್ಕೊಂದು ಜೊತೆ ಎಂದರೆ ನಲವತ್ತು ಜೊತೆ ಬಟ್ಟೆ. ಇಷ್ಟನ್ನು ಹೊತ್ತು ಊರೂರು ಅಲೆಯುವುದು ಬುದ್ಧಿವಂತಿಕೆಯಲ್ಲ. ರೈಲ್ವೆಯ ನಿಯಮದಂತೆ ಸ್ಲೀಪರ್ ದರ್ಜೆಯ ಪ್ರಯಾಣಿಕನು ಉಚಿತವಾಗಿ ಒಯ್ಯಬಹುದಾದ ಸಾಮಾನು 40 ಕಿಲೋಗ್ರಾಂ, ಎರಡನೆಯ ದರ್ಜೆಯಲ್ಲಿ 35 ಕಿಲೋಗ್ರಾಂ. ನಿಯಮವು ಅವಕಾಶ ಕೊಟ್ಟರೂ ಮೆಟ್ಟಿಲು ಹತ್ತಿಳಿಯುವ ಮೊಣಕಾಲು ಅವಕಾಶ ಕೊಡುವುದಿಲ್ಲ. ಕೂಲಿ, ಆಟೋರಿಕ್ಷಾಗಳ ಖರ್ಚೂ ಗಂಟಿನೊಡನೆ ಬೆಳೆಯುತ್ತದೆ.

ಪ್ರತಿಯೊಬ್ಬರಿಗೂ ಮೂರು ಜೊತೆ ಸಾಕು: ತೊಟ್ಟಿರುವುದು ಒಂದು, ಒಣಗುತ್ತಿರುವುದು ಒಂದು, ಮಡಿಚಿ ಸಿದ್ಧವಾಗಿರುವುದು ಒಂದು. ಈ ಮೂರನೆಯದೇ ಆಪದ್ಧನ. ಮಳೆ ಬಂದರೆ, ರೈಲು ತಡವಾದರೆ, ಮಗುವಿಗೆ ವಾಂತಿಯಾದರೆ ಕೈಗೆ ಬರುವುದು ಇದೇ. ಬೇರೆ ಹೊತ್ತಿನಲ್ಲಿ ಅದನ್ನು ಮುಟ್ಟತಕ್ಕದ್ದಲ್ಲ. ಒಳ ಉಡುಪು, ಕಾಲುಚೀಲಗಳನ್ನು ಮಾತ್ರ ಐದೋ ಆರೋ ಇಟ್ಟುಕೊಳ್ಳಬೇಕು. ಅವು ಹಗುರ; ದಿನವೂ ಬದಲಿಸಬೇಕಾದವು. ಹೀಗೆ ನಲವತ್ತು ಜೊತೆಯ ಗಂಟು ಹನ್ನೆರಡಕ್ಕೆ ಇಳಿಯುತ್ತದೆ.

ಯಾವ ಬಟ್ಟೆ ಎಂಬುದೂ ಮುಖ್ಯ. ಸಾಧಾರಣ ಹವೆಯಲ್ಲಿ, ನೋಡಲು ಒಣಗಿದಂತಿರುವ ಹತ್ತಿಯ ಬಟ್ಟೆಯೂ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿದಿಡುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಟೆರಿಲೀನ್, ಟೆರಿಕಾಟ್ ಬಟ್ಟೆಗಳು ಬಂದ ಹೊಸತರಲ್ಲಿ ರಾತ್ರಿ ಒಗೆದು ಬೆಳಿಗ್ಗೆ ತೊಡಬಹುದೆಂದು ಜನ ಬೆರಗಾದುದರ ರಹಸ್ಯ ಇದೇ. ಆದರೆ ಬೆವರನ್ನು ಹೀರದ ಬಟ್ಟೆ ಬೆವರನ್ನು ಮೈಮೇಲೆಯೇ ಉಳಿಸುತ್ತದೆ. ಹೀಗಾಗಿ ಹೊರ ಉಡುಪು ಬೆರಕೆ ನೂಲಿನದಾಗಿರಲಿ, ಮೈಗೆ ಅಂಟುವ ಒಳ ಉಡುಪು ತೆಳ್ಳನೆಯ ಹತ್ತಿಯದಾಗಿರಲಿ. ದಪ್ಪ ಜೀನ್ಸ್ ಪ್ಯಾಂಟುಗಳನ್ನೂ ಜಮಖಾನೆಯಂಥ ಟವೆಲುಗಳನ್ನೂ ಮನೆಯಲ್ಲೇ ಬಿಡುವುದು ಲೇಸು. ನಮ್ಮ ಕಡೆಯ ತೆಳ್ಳನೆಯ ಪಾಣಿಪಂಚೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದು: ಮೈ ಒರಸಬಹುದು, ಉಡಬಹುದು, ಹೊದೆಯಬಹುದು, ಎರಡು ಗಂಟೆಯಲ್ಲಿ ಒಣಗಿಸಬಹುದು.

ಜೊತೆಗೆ ಒಂದು ಹೊದಿಕೆಯನ್ನು ಒಯ್ಯುವುದೂ ವಿವೇಕವೇ. ಹವಾನಿಯಂತ್ರಿತ ಗಾಡಿಗಳಲ್ಲಿ ಕೊಡುವ ಚಾದರಗಳನ್ನು ಪ್ರತಿ ಬಳಕೆಯ ಅನಂತರ ಒಗೆಯುವರಾದರೂ ಕಂಬಳಿಗಳನ್ನು ಎರಡು ತಿಂಗಳಿಗೊಮ್ಮೆ ಒಗೆಯಲಾಗುತ್ತಿದೆಯೆಂದು 2016ರಲ್ಲಿ ರೈಲ್ವೆ ರಾಜ್ಯ ಸಚಿವರು ರಾಜ್ಯಸಭೆಗೆ ತಿಳಿಸಿದ್ದರು. ಅನಂತರ ಆ ಅವಧಿಯನ್ನು ಕಡಿಮೆ ಮಾಡಿದ್ದಾರೆ. ಆದರೂ ಕಂಬಳಿಗೂ ಮೈಗೂ ನಡುವೆ ಒಂದು ಚಾದರವಿದ್ದರೆ ನಷ್ಟವೇನೂ ಇಲ್ಲ.

ಒಗೆಯುವ ಕ್ರಮ

ಪ್ರವಾಸದಲ್ಲಿ ಬಟ್ಟೆಯನ್ನು ರಾಶಿಹಾಕುವುದು ಸಾಲವನ್ನು ಬೆಳೆಸಿದಂತೆ. ದಿನದ್ದನ್ನು ದಿನವೇ ತೀರಿಸಬೇಕು. ವಸತಿಗೆ ಬಂದೊಡನೆ, ಸ್ನಾನದ ಹೊತ್ತಿನಲ್ಲೇ, ಆ ದಿನದ ಒಳ ಉಡುಪು, ಅಂಗಿಗಳನ್ನು ನೆನೆಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಕೊಳೆ ಸಡಿಲವಾಗುತ್ತದೆ. ಇಡೀ ಬಟ್ಟೆಯನ್ನು ಬಡಿಯುವ ಅಗತ್ಯವಿಲ್ಲ. ಕತ್ತುಪಟ್ಟಿ, ಕಂಕುಳು, ತೋಳಿನ ತುದಿ, ಸೀರೆಯ ಅಂಚು, ಈ ನಾಲ್ಕು ಕಡೆ ಕೈಯಿಂದ ಉಜ್ಜಿದರೆ ಸಾಕು.

ನೀರಿನ ಗುಣವನ್ನು ಗಮನಿಸಬೇಕು. ಕಡಲ ತೀರದ ಯಾತ್ರಾಸ್ಥಳಗಳಲ್ಲಿಯೂ ಕೊಳವೆಬಾವಿಯ ನೀರಿನಲ್ಲಿಯೂ ಸಾಬೂನು ನೊರೆಗಟ್ಟುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗಿ ಬಟ್ಟೆಗೆ ಅಂಟುತ್ತವೆ. ಬಿಳಿಯ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ಡಿಟರ್ಜೆಂಟು ಪುಡಿಗೆ ಈ ದೋಷ ಅಷ್ಟಾಗಿ ತಟ್ಟದು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ಗಡಸುನೀರಿನ ಊರುಗಳ ಗೃಹಿಣಿಯರಿಗೆ ಎಷ್ಟು ಶ್ರಮ ತಪ್ಪಿತೆಂಬುದು ಅನುಭವಿಗಳಿಗೆ ಗೊತ್ತು. ಪ್ರವಾಸಕ್ಕೆ ಒಂದೊಂದು ಒಗೆತಕ್ಕೆ ಸಾಕಾಗುವ ಸಣ್ಣ ಪೊಟ್ಟಣಗಳೇ ಅನುಕೂಲ. ಉಣ್ಣೆ, ರೇಷ್ಮೆಗಳಿಗೆ ಅಜ್ಜಿಯ ಕಾಲದ ಅಂಟುವಾಳವನ್ನು ಮೀರಿಸಿದುದು ಇಂದಿಗೂ ಕಡಿಮೆ. ಹತ್ತಾರು ಕಾಯಿಗಳ ಸಿಪ್ಪೆ ಡಬ್ಬಿಯಲ್ಲಿದ್ದರೆ ಭಾರವೂ ಇಲ್ಲ.

ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಶುದ್ಧವಾಗುತ್ತದೆಂಬುದು ಭ್ರಮೆ. ಹೆಚ್ಚಿನ ಪುಡಿಯನ್ನು ತೆಗೆಯಲು ಹೆಚ್ಚಿನ ನೀರು ಬೇಕು. ತೆಗೆಯದೆ ಉಳಿದರೆ ಬೆವರಿನೊಡನೆ ಸೇರಿ ಚರ್ಮವನ್ನು ಕೆರಳಿಸುತ್ತದೆ. ಎರಡು ಬಾರಿ, ಸಾಧ್ಯವಿದ್ದರೆ ಮೂರು ಬಾರಿ ಜಾಲಿಸಬೇಕು.

ಎಲ್ಲಿ ಒಗೆಯಬಾರದೆಂಬುದನ್ನೂ ಇಲ್ಲಿ ಹೇಳಬೇಕು. ರೈಲು ನಿಲ್ದಾಣದ ನಲ್ಲಿಯಲ್ಲಿ ಬಟ್ಟೆ ಒಗೆಯುವುದನ್ನು ರೈಲ್ವೆಯ 2012ರ ಸ್ವಚ್ಛತಾ ನಿಯಮಗಳು ನಿಷೇಧಿಸಿವೆ. 500 ರೂಪಾಯಿಯವರೆಗೆ ದಂಡವುಂಟು. ಪುಣ್ಯನದಿಗಳ ಘಾಟಿನಲ್ಲಿ ಸಾಬೂನು ಹಚ್ಚುವುದೂ, ಉಟ್ಟ ಹಳೆಯ ಬಟ್ಟೆಯನ್ನು ನೀರಿನಲ್ಲಿ ಬಿಟ್ಟುಬರುವುದೂ ಪುಣ್ಯಕಾರ್ಯವೆನಿಸಲಾರದು. ಸ್ನಾನದ ಬಟ್ಟೆಯನ್ನು ಹಿಂಡಿ ತಂದು ವಸತಿಯಲ್ಲಿ ಒಗೆಯುವುದೇ ಮರ್ಯಾದೆ. ಕೆಲವು ವಸತಿಗೃಹಗಳಲ್ಲಿ ಕೋಣೆಯಲ್ಲಿ ಒಗೆಯಬಾರದೆಂಬ ಸೂಚನಾಫಲಕವಿರುತ್ತದೆ. ಕೋಣೆ ಹಿಡಿಯುವ ಮುನ್ನವೇ, ಬಟ್ಟೆ ಒಣಗಿಸಲು ತಾರಸಿಯುಂಟೆ ಎಂದು ಕೇಳುವುದು ಜಾಣತನ. ಬಾಡಿಗೆ ಎಷ್ಟೆಂಬ ಪ್ರಶ್ನೆಯಷ್ಟೇ ಇದೂ ಮುಖ್ಯ.

ಒಣಗಿಸುವುದೇ ನಿಜವಾದ ಕೆಲಸ

ಬಟ್ಟೆ ಒಣಗಲು ಬೇಕಾದುದು ಬಿಸಿಗಿಂತ ಹೆಚ್ಚಾಗಿ ಗಾಳಿ. ಮಲೆನಾಡು, ಕರಾವಳಿಗಳಿಂದ ಬಂದವರಿಗೆ ಈ ಪಾಠ ಹೊಸದಲ್ಲ. ಅಲ್ಲಿಯ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟಿ ಹೊಗೆಯ ಬಿಸಿಗೆ ಬಟ್ಟೆ ಒಣಗಿಸುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಮುಂಬಯಿಯ ಚಾಳುಗಳಲ್ಲಿ ಬಾಳಿದವರು ಗ್ಯಾಲರಿಯ ಹಗ್ಗವನ್ನೂ, ಛಾವಣಿಗೆ ಎಳೆದು ಕಟ್ಟುವ ಕೋಲುಗಳನ್ನೂ ಬಲ್ಲರು. ಮನೆಯಲ್ಲಿ ಇಷ್ಟು ನಿಪುಣರಾದವರು ಪ್ರವಾಸದಲ್ಲಿ ಮಾತ್ರ ಒದ್ದೆಬಟ್ಟೆಯನ್ನು ಕುರ್ಚಿಯ ಬೆನ್ನಿಗೆ ಎಸೆದು ಮಲಗುವುದು ಸೋಜಿಗ.

ಮೊದಲನೆಯ ಉಪಾಯ ಹಿಂಡುವಿಕೆಗೆ ಸಂಬಂಧಿಸಿದ್ದು. ಹಿಂಡಿದ ಅಂಗಿಯನ್ನು ಒಣ ಟವೆಲಿನ ಮೇಲೆ ಹಾಸಿ, ಎರಡನ್ನೂ ಚಾಪೆಯಂತೆ ಸುತ್ತಿ, ಮೊಣಕಾಲಿನಿಂದ ಒತ್ತಿದರೆ ಕೈಗೆ ಬಾರದ ನೀರೂ ಟವೆಲಿಗೆ ಇಳಿಯುತ್ತದೆ. ಇದರಿಂದ ಒಣಗುವ ಕಾಲ ಬಹಳ ಕಡಿಮೆಯಾಗುತ್ತದೆ. ಎರಡನೆಯದು, ನಾಲ್ಕೈದು ಮೀಟರಿನ ನೈಲಾನ್ ಹಗ್ಗ ಮತ್ತು ಹತ್ತು ಕ್ಲಿಪ್ಪುಗಳನ್ನು ಒಯ್ಯುವುದು. ಎರಡು ಹಗ್ಗಗಳನ್ನು ಹೆಣೆದುಕೊಂಡರೆ ಹೆಣಿಗೆಯ ಸಂದಿನಲ್ಲೇ ಬಟ್ಟೆಯ ತುದಿಯನ್ನು ಸಿಕ್ಕಿಸಬಹುದು, ಕ್ಲಿಪ್ಪೂ ಬೇಡ. ಮೂರನೆಯದು, ಬಟ್ಟೆಯಿಂದ ಬಟ್ಟೆಗೆ ಒಂದು ಗೇಣು ಅಂತರವಿಟ್ಟು, ಒಳಮೈಯನ್ನು ಹೊರಗೆ ಮಾಡಿ ಹರವುವುದು. ಜೇಬು, ಹೊಲಿಗೆ, ಸೊಂಟಪಟ್ಟಿಗಳೇ ಕೊನೆಗೆ ಒಣಗುವ ಭಾಗಗಳು. ನಾಲ್ಕನೆಯದು, ಪಂಖವನ್ನು ಹಾಕಿ ಕಿಟಕಿಯನ್ನು ತೆರೆದಿಡುವುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಂಖವು ಒದ್ದೆ ಗಾಳಿಯನ್ನೇ ಸುತ್ತಿಸುತ್ತದೆ. ಉಬ್ಬಸವುಳ್ಳವರು ಮಲಗುವ ಮುಚ್ಚಿದ ಕೋಣೆಯಲ್ಲಿ ಬಟ್ಟೆ ಹರವದಿರುವುದೇ ಒಳ್ಳೆಯದು. ಹವಾನಿಯಂತ್ರಕವುಳ್ಳ ಕೋಣೆಯಾದರೆ ಅದು ಗಾಳಿಯ ತೇವವನ್ನು ತೆಗೆಯುವುದರಿಂದ ಕಿಟಕಿ ಮುಚ್ಚಿದರೂ ಬಟ್ಟೆ ಒಣಗುತ್ತದೆ.

ಒಂದು ಎಚ್ಚರಿಕೆ. ದೀಪದ ಮೇಲೆ, ವಿದ್ಯುತ್ ಸ್ವಿಚ್ಚಿನ ಫಲಕದ ಮೇಲೆ, ಪಂಖದ ರೆಕ್ಕೆಯ ಮೇಲೆ, ನೀರು ಕಾಯಿಸುವ ಕಡ್ಡಿಯ ಬಳಿ ಒದ್ದೆಬಟ್ಟೆಯನ್ನು ಎಂದಿಗೂ ಹಾಕತಕ್ಕದ್ದಲ್ಲ. ಒಂದು ಬನಿಯನ್ನು ಒಣಗಿಸಹೋಗಿ ಪ್ರಾಣವನ್ನು ಪಣವಾಗಿಡುವುದು ಯಾವ ಲೆಕ್ಕದಲ್ಲೂ ಮಿತವ್ಯಯವಲ್ಲ.

ಇನ್ನು ಪ್ರಯಾಣದ ಯೋಜನೆ. ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುವಾಗ ಒಳ ಉಡುಪಿನ ಹೊರತು ಬೇರೇನನ್ನೂ ಒಗೆಯಬಾರದು. ಎರಡು ರಾತ್ರಿ ತಂಗುವ ಊರಿನಲ್ಲಿ, ತಲಪಿದ ದಿನವೇ ದೊಡ್ಡ ಒಗೆತವನ್ನು ಮುಗಿಸಬೇಕು. ಹೊರಡುವ ಹಿಂದಿನ ರಾತ್ರಿಗಲ್ಲ. ಮೇಲೆ ಹೇಳಿದ ಸಂಸಾರವು ಈ ಒಂದು ನಿಯಮವನ್ನು ಪಾಲಿಸಿದ್ದರೆ ಪ್ಲಾಸ್ಟಿಕ್ ಚೀಲದ ಪ್ರಸಂಗವೇ ಬರುತ್ತಿರಲಿಲ್ಲ. ಅನಿವಾರ್ಯವಾಗಿ ಒದ್ದೆಬಟ್ಟೆ ಒಯ್ಯಬೇಕಾಗಿ ಬಂದರೆ ಗಾಳಿಯಾಡುವ ಬಲೆಚೀಲದಲ್ಲಿಟ್ಟು, ತಲಪಿದೊಡನೆ ಪುನಃ ಜಾಲಿಸಿ ಹರವಬೇಕು.

ಒದ್ದೆಬಟ್ಟೆ ಮತ್ತು ಚರ್ಮರೋಗ

ಬಟ್ಟೆಯ ಶುಚಿತ್ವಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ತೋರಿಸುವ ಒಂದು ಪ್ರಸಿದ್ಧ ಪ್ರಸಂಗ ಆಫ್ರಿಕದ ಟ್ಯುನಿಸ್ ನಗರದಲ್ಲಿ ನಡೆಯಿತು. ಅಲ್ಲಿ ಟೈಫಸ್ ಜ್ವರದಿಂದ ಬಳಲುವವರು ಆಸ್ಪತ್ರೆಯ ಬಾಗಿಲವರೆಗೂ ರೋಗವನ್ನು ಹರಡುತ್ತಿದ್ದರು. ಸ್ನಾನ ಮಾಡಿಸಿ ಅವರ ಬಟ್ಟೆಯನ್ನು ಬದಲಿಸಿ ಒಳಗೆ ಕರೆದೊಯ್ದ ಮೇಲೆ ಹರಡುತ್ತಿರಲಿಲ್ಲ. ಇದನ್ನು ಗಮನಿಸಿದ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯರು ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಹೇನೇ ರೋಗವಾಹಕವೆಂಬುದನ್ನು 1909ರಲ್ಲಿ ತೋರಿಸಿಕೊಟ್ಟರು. 1928ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಂದಿನ ನಮ್ಮ ಪ್ರವಾಸಿಗನನ್ನು ಕಾಡುವುದು ಟೈಫಸ್ ಅಲ್ಲ, ಹುಳುಕಡ್ಡಿ. ಗಜಕರ್ಣವೆಂದೂ ಇದಕ್ಕೆ ಹೆಸರುಂಟು. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಚರ್ಮದ ಮೇಲೆ ಬೆಳೆಯುವ ಶಿಲೀಂಧ್ರ. ತೊಡೆಸಂದಿ, ಕಂಕುಳು, ಸೊಂಟದ ಸುತ್ತ, ಸ್ತನಗಳ ಕೆಳಗೆ, ಕಾಲ್ಬೆರಳ ಸಂದು, ಎಲ್ಲಿ ತೇವವೂ ಬಿಸಿಯೂ ಕೂಡುತ್ತವೆಯೋ ಅಲ್ಲಿ ಅದು ಬೆಳೆಯುತ್ತದೆ. ಬ್ರಿಟಿಷರು ಇದನ್ನು ‘ಧೋಬಿ ಇಚ್’ ಎಂದು ಕರೆದು ತಪ್ಪನ್ನು ಅಗಸನ ತಲೆಗೆ ಕಟ್ಟಿದರು. ನಿಜವಾಗಿ ನೋಡಿದರೆ, ಬಿಗಿಯುಡುಪಿನೊಳಗೆ ಬೆವರುತ್ತಿದ್ದ ದೊರೆಗಳ ಮೈಯೇ ಅದಕ್ಕೆ ಸಾಕಷ್ಟು ಆಸರೆಯಾಗಿತ್ತು.

ಕಳೆದ ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಈ ರೋಗವು ಸುಲಭವಾಗಿ ವಾಸಿಯಾಗದೆ ಮನೆಮಂದಿಗೆಲ್ಲ ಹರಡುವ ಸ್ವರೂಪವನ್ನು ತಾಳಿದೆ. ಇದಕ್ಕೆ ಕಾರಣವಾದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಹೋಗಿದೆ. ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಲ್ಲಿ ಕೇಳಿ ಕೊಂಡು ಹಚ್ಚುವುದು ರೋಗವನ್ನು ಬೆಳೆಸುತ್ತದೆ. ತುರಿಕೆ ಎರಡು ದಿನ ಅಡಗಿದಂತೆ ಕಾಣುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಆದುದರಿಂದ ಉಂಗುರದಂತೆ ಕೆಂಪು ಅಂಚು ಕಂಡೊಡನೆ ವೈದ್ಯರ ಸಲಹೆ ಪಡೆಯುವುದೇ ಯೋಗ್ಯ. ಮಧುಮೇಹವುಳ್ಳವರು ವಿಶೇಷ ಎಚ್ಚರ ವಹಿಸಬೇಕು.

ತಡೆಗಟ್ಟುವ ವಿಧಾನ ಸರಳ. ಅರೆ ಒಣಗಿದ ಒಳ ಉಡುಪನ್ನು ಎಂದಿಗೂ ತೊಡಬಾರದು. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು. ರೋಗ ಹತ್ತಿದವರ ಬಟ್ಟೆಯನ್ನು ಬೇರೆಯಾಗಿ, 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು. ತಣ್ಣೀರಿನ ಒಗೆತದಲ್ಲಿ ಶಿಲೀಂಧ್ರ ಉಳಿಯಬಲ್ಲುದು. ಆ ನೀರಿಗೆ ಕೈ ಹಾಕಲಾಗದು. ಬಟ್ಟೆಯನ್ನು ಅದರಲ್ಲಿ ನೆನೆಯಿಟ್ಟು, ಆರಿದ ಮೇಲೆ ಉಜ್ಜಬೇಕು. ಬಿಸಿಲಿನಲ್ಲಿ ಎರಡೂ ಮೈಯನ್ನು ಒಣಗಿಸಿ, ಹೊಲಿಗೆಗಳ ಮೇಲೆ ಇಸ್ತ್ರಿ ಎಳೆದರೆ ಇನ್ನೂ ಉತ್ತಮ. ಪ್ರವಾಸದಲ್ಲಿ ಬಿಸಿಲು ಸಿಗದ ದಿನ, ಬೀದಿಬದಿಯ ಇಸ್ತ್ರಿಯವನಿಗೆ ಕೊಡುವ ಕೆಲವು ರೂಪಾಯಿಗಳು ಅಂದಕ್ಕಾಗಿ ಅಲ್ಲ, ಆರೋಗ್ಯಕ್ಕಾಗಿ ಎಂದು ತಿಳಿಯಬೇಕು.

ಮಡಿಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬಹುದು. ಮಡಿಯೆಂದರೆ ಮೂಲತಃ ಒಗೆದ ಶುಭ್ರವಸ್ತ್ರ. ಚಳಿಗಾಲದ ಕಾಶಿಯಲ್ಲಿ ವೃದ್ಧರು ಒದ್ದೆವಸ್ತ್ರದಲ್ಲೇ ಗಂಟೆಗಟ್ಟಲೆ ಜಪತರ್ಪಣಗಳಿಗೆ ಕುಳಿತರೆ ದೇಹದ ಬಿಸಿ ವೇಗವಾಗಿ ಇಳಿಯುತ್ತದೆ. ಒಗೆದು ಒಣಗಿಸಿದ ವಸ್ತ್ರವೊಂದನ್ನು ಬೇರೆಯಾಗಿಟ್ಟು ಒಯ್ದರೆ ಮಡಿಯೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಅಗಸರ ಕೈಗೆ ಕೊಡುವಾಗ

ಎಲ್ಲವನ್ನೂ ತಾವೇ ಒಗೆಯಬೇಕೆಂಬ ಹಟವೂ ಸಲ್ಲದು. ಮೂರು ನಾಲ್ಕು ದಿನಕ್ಕೊಮ್ಮೆ ದಪ್ಪಬಟ್ಟೆಗಳನ್ನು ಹೊರಗೆ ಕೊಡುವುದಕ್ಕೆ ಆಯವ್ಯಯದಲ್ಲಿ ಮೊದಲೇ ಒಂದು ಮೊತ್ತವನ್ನಿಡಬೇಕು. ಹೋಟೆಲಿನ ಲಾಂಡ್ರಿಯಲ್ಲಿ ಒಂದೊಂದು ಬಟ್ಟೆಗೂ ಬೇರೆ ಬೇರೆ ದರ. ಪಟ್ಟಿಯನ್ನು ನೋಡದೆ ಕೊಟ್ಟವರು ಬಿಲ್ಲು ನೋಡಿ ಬೆಚ್ಚುತ್ತಾರೆ. ಈಗ ಅನೇಕ ನಗರಗಳಲ್ಲಿ ಕಿಲೋ ಲೆಕ್ಕದಲ್ಲಿ ಒಗೆದು ಒಣಗಿಸಿ ಕೊಡುವ ಅಂಗಡಿಗಳಿವೆ. ಇಡೀ ಸಂಸಾರದ ಬಟ್ಟೆಗೆ ಅದೇ ಮಿತವ್ಯಯದ ದಾರಿ. ಎಲ್ಲಿ ಕೊಟ್ಟರೂ ಬಟ್ಟೆಗಳನ್ನು ಎಣಿಸಿ, ಎರಡು ಪ್ರತಿ ಪಟ್ಟಿ ಮಾಡಿ, ಒಂದಕ್ಕೆ ಅಂಗಡಿಯವನ ಸಹಿ ಪಡೆಯಬೇಕು. ಮರಳಿ ಕೊಡುವ ದಿನವನ್ನಷ್ಟೇ ಅಲ್ಲ, ಗಂಟೆಯನ್ನೂ ಬರೆಸಬೇಕು, ರೈಲು ಕಾಯುವುದಿಲ್ಲ.

ಅಗಸರ ಗುರುತಿನ ಮಸಿಯ ವಿಷಯದಲ್ಲಿ ಒಂದು ವಿಚಿತ್ರ ಸಂಗತಿಯುಂಟು. ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವ ಕರಿಗೇರಿನ ರಸದಿಂದ ಬಟ್ಟೆಗೆ ಗುರುತು ಹಾಕುವ ಪದ್ಧತಿ ಹಿಂದೆ ವ್ಯಾಪಕವಾಗಿತ್ತು. ಎಷ್ಟು ಒಗೆದರೂ ಅಳಿಯದ ಕಪ್ಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಕತ್ತಿನ ಹಿಂಬದಿಯಲ್ಲಿ ಗುಳ್ಳೆಗಳೆದ್ದು ಉರಿಯತೊಡಗಿದುವು. ಅಂಗಿಯ ಕತ್ತುಪಟ್ಟಿಯ ಮೇಲಿನ ಕರಿಗೇರಿನ ಗುರುತೇ ಇದರ ಮೂಲವೆಂದು ಸೈನ್ಯದ ವೈದ್ಯರು 1943ರಲ್ಲಿ ವಿವರಿಸಿದರು. ಹೊರಗೆ ಕೊಟ್ಟ ಬಟ್ಟೆ ಮರಳಿದ ಮೇಲೆ ಗುರುತು ತಾಗುವ ಜಾಗದಲ್ಲೇ ತುರಿಕೆ ಕಂಡರೆ ಇದನ್ನು ನೆನೆಯಬಹುದು. ನೂಲಿನ ಗುರುತು ಅಥವಾ ಚೀಟಿಯನ್ನು ಪಿನ್ನಿನಿಂದ ಸಿಕ್ಕಿಸಿ ಎಂದು ಕೇಳುವುದು ಸುಲಭ.

ಯಾರ ಪಾಲಿನ ಕೆಲಸ?

ಮತ್ತೆ ಕಾಶಿಯ ಆ ಗೃಹಿಣಿಯ ಬಳಿಗೆ ಬರೋಣ. ಬಟ್ಟೆ ಒಗೆಯುವುದು ಕೀಳು ಕೆಲಸವೆಂಬ ಭಾವನೆ, ಅದು ಹೆಣ್ಣಿನದೇ ಕೆಲಸವೆಂಬ ಭಾವನೆ, ಇವೆರಡೂ ಕೂಡಿ ಅವಳನ್ನು ಸ್ನಾನಗೃಹದಲ್ಲಿ ನಿಲ್ಲಿಸಿವೆ. ಎರಡಕ್ಕೂ ಆಧಾರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವನು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಕೈಕೊಂಡನು. ದುಡಿದು ಬಾಳುವವರ ಬಟ್ಟೆಯನ್ನು ಮಾತ್ರ ಒಗೆಯುತ್ತಿದ್ದನೆಂದು ಪ್ರತೀತಿ. ಆ ಕಾಯಕದಿಂದಲೇ ಅವನು ಕನ್ನಡ ನಾಡಿಗೆ ಪೂಜ್ಯನಾದನು.

ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರರಾಗಿದ್ದಾಗ ಅಗಸನ ಬಿಲ್ಲು ಭಾರವೆನಿಸಿ, ಒಗೆತದ ವಿಷಯದ ಪುಸ್ತಕವೊಂದನ್ನು ಕೊಂಡು ಓದಿ ಆ ವಿದ್ಯೆಯನ್ನು ಕಲಿತರು. ಮೊದಲನೆಯ ಸಲ ಅವರು ಗಂಜಿ ಹಾಕಿದ ಕತ್ತುಪಟ್ಟಿಯಿಂದ ಗಂಜಿ ಉದುರುವುದನ್ನು ಕಂಡು ನ್ಯಾಯಾಲಯದಲ್ಲಿ ಸಹೋದ್ಯೋಗಿಗಳು ನಕ್ಕರು, ಅವರು ಎದೆಗುಂದಲಿಲ್ಲ. 1912ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಆ ದೇಶದಲ್ಲಿ ಪ್ರವಾಸ ಮಾಡುತ್ತಿದ್ದಾಗ, ಜೋಹಾನ್ಸ್‌ಬರ್ಗಿನ ಔತಣಕ್ಕೆ ತೊಡಬೇಕೆಂದಿದ್ದ ಉತ್ತರೀಯ ಸುಕ್ಕಾಗಿತ್ತು. ಅದು ಮಹಾದೇವ ಗೋವಿಂದ ರಾನಡೆಯವರು ಕೊಟ್ಟ ಉಡುಗೊರೆ. ಲಾಂಡ್ರಿಗೆ ಕಳುಹಿಸಲು ಹೊತ್ತಿರಲಿಲ್ಲ. ಗಾಂಧಿಯ ವಕೀಲಿಯಲ್ಲಿ ನಂಬಿಕೆಯಿದ್ದರೂ ಒಗೆತದಲ್ಲಿ ನಂಬಿಕೆಯಿಲ್ಲದೆ ಗೋಖಲೆಯವರು ಮೊದಲು ಹಿಂಜರಿದರು. ಗಾಂಧಿಯವರು ಒಪ್ಪಿಸಿ ತಾವೇ ಇಸ್ತ್ರಿ ಮಾಡಿ ಕೊಟ್ಟರು, ಮೆಚ್ಚುಗೆಯನ್ನೂ ಪಡೆದರು. ಇದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಸಂತೋಷದಿಂದ ಬರೆದುಕೊಂಡಿದ್ದಾರೆ.

ಇಂಥ ನಿದರ್ಶನಗಳಿರುವಾಗ ಕಾಲೇಜಿಗೆ ಹೋಗುವ ಮಗನು ತನ್ನ ಬನಿಯನ್ನು ತಾನೇ ಒಗೆದುಕೊಳ್ಳುವುದರಲ್ಲಿ ಅವಮಾನವೇನಿದೆ? ನಿಯಮವೊಂದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೊರಡಬೇಕು: ಪ್ರವಾಸದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಒಳ ಉಡುಪು, ಟವೆಲುಗಳನ್ನು ಸ್ನಾನದೊಡನೆಯೇ ಒಗೆದು ಹರವತಕ್ಕದ್ದು. ಮೇಲುಡುಪಿನ ಒಗೆತಕ್ಕೆ ಸರದಿಯಿರಲಿ. ಸರದಿಯ ಪಟ್ಟಿಯಲ್ಲಿ ಯಜಮಾನರ ಹೆಸರೂ ಇರಲಿ. ನಾಲ್ವರು ಹತ್ತು ಹತ್ತು ನಿಮಿಷ ದುಡಿದರೆ ಒಬ್ಬಳ ಸಂಜೆ ಪೂರ್ತಿ ಉಳಿಯುತ್ತದೆ. ಪ್ರವಾಸದ ಉದ್ದೇಶ ವಿಶ್ರಾಂತಿಯಾಗಿದ್ದರೆ ಅದು ಎಲ್ಲರಿಗೂ ಸಲ್ಲಬೇಕು. ಪುಣ್ಯವಾಗಿದ್ದರೆ ಅದೂ ಹಾಗೆಯೇ.

ಕಾಶಿಯಲ್ಲಿ ಹನುಮಾನ್ ಘಾಟಿನ ನೆರೆಯಲ್ಲಿ ಕರ್ನಾಟಕದ ಹೆಸರಿನದೇ ಒಂದು ಘಾಟಿದೆ. ಮುಂದಿನ ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಸಂಸಾರವು ಗಂಟಿನಲ್ಲಿ ಒಂದು ಹಗ್ಗವನ್ನೂ, ಕೆಲವು ಕ್ಲಿಪ್ಪುಗಳನ್ನೂ, ಸಾಬೂನಿನ ಪೊಟ್ಟಣಗಳನ್ನೂ ಇಟ್ಟುಕೊಳ್ಳಲಿ. ತಲಪಿದ ಮಧ್ಯಾಹ್ನವೇ ನಾಲ್ವರೂ ಸೇರಿ ಒಗೆತ ಮುಗಿಸಿ, ಬಟ್ಟೆಗಳನ್ನು ತಾರಸಿಯ ಗಾಳಿಗೆ ಹರವಿ, ಸಂಜೆ ನಾಲ್ವರೂ ಕೂಡಿಯೇ ಆರತಿಗೆ ಹೋಗಲಿ.